ಅದೇ ಪ್ರಶ್ನೆ, ಎರಡನೇ ಸಲ

ಗುಬ್ಬಿ ಕಡೆಗೆ ಹೋಗುವ ಬಸ್ಸಿನಲ್ಲಿ ಒಬ್ಬ ಕಂಡಕ್ಟರ್ ಇದ್ದರು. ವಾರದಲ್ಲಿ ಎಷ್ಟೋ ಸಲ ನನ್ನ ಮುಖ ನೋಡಿ ನೋಡಿ, ಒಂದು ದಿನ ಟಿಕೆಟ್ ಹರಿಯುತ್ತಾ ಕೇಳಿಯೇಬಿಟ್ಟರು.

"ಏನ್ ಕೆಲ್ಸ ಸಾರ್ ನಿಮ್ದು? ಮೇಷ್ಟ್ರಾ?"

"ಅಲ್ಲ. ಶಾಲೆಗೆ ಹೋಗಿ ಮಕ್ಕಳನ್ನ ಪ್ರಶ್ನೆ ಕೇಳ್ತೀನಿ."

"ಓ, ಇನ್‌ಸ್ಪೆಕ್ಟ್ರು!"

"ಅದೂ ಅಲ್ಲ. ಶಾಲೇಲಿ ಆರೋಗ್ಯದ ಪಾಠ ಮಾಡಿರ್ತಾರಲ್ಲ, ಕೈ ತೊಳ್ಯೋದು, ಮಾತ್ರೆ ನುಂಗೋದು, ಗುಟ್ಕಾ ಹಾಕ್ಬಾರ್ದು ಅನ್ನೋದು. ಅದು ಮಕ್ಕಳಿಗೆ ಹತ್ತಿದ್ಯಾ ಅಂತ ಕೇಳ್ಕೊಂಡು ಬರ್ತೀನಿ. ಎರಡು ವಾರ ಬಿಟ್ಟು ಮತ್ತೆ ಹೋಗಿ ಅದನ್ನೇ ಕೇಳ್ತೀನಿ."

"ಅದನ್ನೇನಾ?" ಕಂಡಕ್ಟರ್ ಟಿಕೆಟ್ ಕೈಯಲ್ಲಿ ಹಿಡಿದು ನಿಂತರು. "ಯಾಕೆ, ಮೊದಲ್ನೇ ಸಲ ಹೇಳಿದ್ದು ನಿಮ್ಗೆ ಮರ್ತೋಯ್ತಾ?"

ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಈ ಕೆಲಸಕ್ಕೆ ಹೊಸದಾಗಿ ಸೇರುವವರೂ ಅದನ್ನೇ ಕೇಳುತ್ತಾರೆ. ನಾನು ನಿವೃತ್ತಿಯಾಗಿ ತುಮಕೂರಿನ ಬಟವಾಡಿಯ ಬಾಡಿಗೆ ಮನೆಯಲ್ಲಿ ಕೂತಿದ್ದರೂ ಒಬ್ಬರಲ್ಲ ಒಬ್ಬರು ಬಂದು ಕೇಳುತ್ತಾರೆ. ಒಂದೇ ಪ್ರಶ್ನೆಯನ್ನು ಅದೇ ಮಗುವಿಗೆ ಎರಡು ಸಲ ಯಾಕೆ ಕೇಳಬೇಕು? ಬಸ್ ಚಾರ್ಜ್ ದಂಡ ತಾನೆ? ಅವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಇದನ್ನು ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿದ್ದೇನೆ.

ನಾನು ಗೂಳೂರಿನವನು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟೆ. ಆಮೇಲೆ ಬಹಳ ವರ್ಷ ತುಮಕೂರಿನ ಮಂಡಿಯಲ್ಲಿ ಕೊಬ್ಬರಿ ಮೂಟೆ ಎತ್ತಿ ತಕ್ಕಡಿಗೆ ಹಾಕುವ ಕೆಲಸ. ಎಸ್ಸೆಸ್ಸೆಲ್ಸಿ ಕಟ್ಟಿದಾಗ ನನಗೆ ಮದುವೆಯಾಗಿತ್ತು. ಟ್ಯುಟೋರಿಯಲ್‌ನಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಹುಡುಗ ನನ್ನನ್ನು "ಅಂಕಲ್" ಎಂದು ಕರೆಯುತ್ತಿದ್ದ, ಉತ್ತರವನ್ನೂ ಅವನೇ ತೋರಿಸುತ್ತಿದ್ದ. ಆಮೇಲೆ ಅಂಚೆಯಲ್ಲಿ ಬಿ.ಎ. ಆಮೇಲೆ ಈ ಕೆಲಸ. ಶಾಲೆಯ ಆರೋಗ್ಯ ಕಾರ್ಯಕ್ರಮಗಳನ್ನು ಅಳೆದು ವರದಿ ಕೊಡುವ ಒಂದು ಸಣ್ಣ ಆಫೀಸು. ಕೆಳಗೆ ಕ್ಲಿನಿಕ್ಕು, ಮೇಲೆ ನಾವು.

ಆಫೀಸಿನ ಯಜಮಾನಿ ವಿಜಯಾ ಮೇಡಂ. ಮೊದಲ ದಿನ ಅವರು 'ರಿಲಯಬಿಲಿಟಿ' ಎಂಬ ಮಾತು ಹೇಳಿದರು. ಕನ್ನಡದಲ್ಲಿ 'ವಿಶ್ವಾಸಾರ್ಹತೆ' ಎಂದು ಬೋರ್ಡಿನ ಮೇಲೆ ಬರೆದರು. ಎರಡೂ ನನ್ನ ತಲೆಗೆ ಹತ್ತಲಿಲ್ಲ. ಊಟದ ಹೊತ್ತಿಗೆ ಹೋಗಿ ಕೇಳಿದೆ.

"ಮೇಡಂ, ಮಂಡೀಲಿ ರೈತ್ರಿಗೆ ಅನುಮಾನ ಬಂದ್ರೆ 'ಇನ್ನೊಂದ್ ಸಲ ಹಾಕು' ಅಂತಾರೆ. ಅದೇ ಮೂಟೆ ಇಳ್ಸಿ ಮತ್ತೆ ಹಾಕ್ತೀವಿ. ಎರಡು ಸಲಾನೂ ಅಷ್ಟೇ ಬಂದ್ರೆ ತಕ್ಕಡಿ ನಂಬ್ತಾರೆ. ಇದು ಅದೇನಾ?"

ಮೇಡಂ ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ಹೇಳಿದರು. "ಅದೇ ರೇವಣ್ಣನವ್ರೇ. ಆದ್ರೆ ಎರಡು ಸಲಾನೂ ಅಷ್ಟೇ ತೋರ್ಸೋ ತಕ್ಕಡಿ ಎರಡು ಸಲಾನೂ ಮೋಸ ಮಾಡ್ತಿರ್ಬೋದಲ್ವಾ?"

"ಮಾಡ್ಬೋದು. ತಟ್ಟೆ ಅಡಿಗೆ ಹುಣಸೆಹಣ್ಣು ಅಂಟಿಸಿರ್ತಾರೆ."

"ಹಾಂ. ಅದು ಬೇರೆ ರೋಗ, ಅದನ್ನ ಬೇರೆ ನೋಡ್ಬೇಕು. ಮೊದಲು ತಕ್ಕಡಿ ಅಲ್ಲಾಡದೆ ನಿಲ್ಲುತ್ತಾ ನೋಡೋಣ."

ಈ ಕೆಲಸದಲ್ಲಿ ನಾನು ಕಲಿತ ಥಿಯರಿ ಅಷ್ಟೇ. ಉಳಿದದ್ದೆಲ್ಲ ಶಾಲೆಗಳಲ್ಲಿ ಕಲಿತದ್ದು. ಅದರಲ್ಲೂ ಒಂದು ಕಾರ್ಯಕ್ರಮದಲ್ಲಿ.

ಆ ಕಾರ್ಯಕ್ರಮ ಒಂದು ಟ್ರಸ್ಟ್‌ನದು. ಗುಬ್ಬಿ, ಕುಣಿಗಲ್ ತಾಲ್ಲೂಕಿನ ಕೆಲವು ಹೈಸ್ಕೂಲುಗಳಲ್ಲಿ ಆರೋಗ್ಯದ ಪಾಠ ಮಾಡಲು ಒಬ್ಬ ಟೀಚರನ್ನು ಒಂದು ವರ್ಷದ ಕರಾರಿನ ಮೇಲೆ ಇಟ್ಟಿದ್ದರು. ಅವರ ಹೆಸರು ಮುಬೀನಾ. ಗುಬ್ಬಿಯವರು, ತಂದೆಗೆ ಅಲ್ಲೇ ಟೈಲರ್ ಅಂಗಡಿ. ಒಂದು ದೊಡ್ಡ ಬ್ಯಾಗು, ಅದರಲ್ಲಿ ಚಾರ್ಟು, ಸೋಪು, ಮೇಲೆ ನಿಂತು ತೂಕ ನೋಡುವ ಮಿಷಿನ್ನು, ಇಷ್ಟನ್ನೂ ಹೊತ್ತುಕೊಂಡು ಬಸ್ಸು ಹತ್ತಿ ಇಳಿದು ಊರೂರು ಸುತ್ತುತ್ತಿದ್ದರು. ಹುಡುಗಿಯರು ಯಾರಿಗೂ ಹೇಳದ್ದನ್ನು "ಮುಬೀನಾ ಮಿಸ್"ಗೆ ಹೇಳುತ್ತಿದ್ದರು. ನಮ್ಮ ವರದಿ ಚೆನ್ನಾಗಿ ಬಂದರೆ ಟ್ರಸ್ಟಿನವರು ಇನ್ನೊಂದು ವರ್ಷ ನಡೆಸುತ್ತಾರೆ. ಇಲ್ಲದಿದ್ದರೆ ಆ ಶಾಲೆಗಳಿಗೆ ಮುಬೀನಾ ಇಲ್ಲ, ಮುಬೀನಾಗೆ ಕೆಲಸ ಇಲ್ಲ.

ಕುಣಿಗಲ್‌ನಿಂದ ಶುರು ಮಾಡಿದೆವು. ನನ್ನ ಜೊತೆ ನಂಜುಂಡ ಇದ್ದ, ನನಗಿಂತ ವಯಸ್ಸಿನಲ್ಲೂ ಕೆಲಸದಲ್ಲೂ ಹಿರಿಯ. ಬಿಸಿಯೂಟಕ್ಕೆ ಮುಂಚೆ ಮಕ್ಕಳು ನಲ್ಲಿ ಹತ್ತಿರ ಕೈ ತೊಳೆಯುವುದನ್ನು ನಾವಿಬ್ಬರೂ ನೋಡಬೇಕು. ಸೋಪು ಹಚ್ಚಿದರಾ, ಬೆರಳ ಸಂದಿ ಉಜ್ಜಿದರಾ ಎಂದು ಪ್ರತಿ ಮಗುವಿಗೂ ಗುರುತು ಹಾಕಬೇಕು. ಆಮೇಲೆ ಇಬ್ಬರ ಹಾಳೆಯನ್ನೂ ಪಕ್ಕ ಪಕ್ಕ ಇಟ್ಟು ನೋಡಬೇಕು. ಇಬ್ಬರ ಕಣ್ಣಿಗೂ ಒಂದೇ ಕಂಡರೆ ಆ ಅಳತೆಯನ್ನು ನಂಬಬಹುದು.

ನಮ್ಮ ಹಾಳೆಗಳು ಒಂದಕ್ಕೊಂದು ಕಾರ್ಬನ್ ಕಾಪಿ ಹಾಗೆ ಇದ್ದವು. ಶಭಾಷ್ ಎನ್ನುತ್ತಾರೆ ಎಂದುಕೊಂಡು ಮೇಡಂ ಮುಂದೆ ಇಟ್ಟೆವು. ಅವರು ಎರಡನ್ನೂ ನೋಡಿ ಕನ್ನಡಕ ತೆಗೆದರು.

"ನಾನೂ ನಮ್ಮ ಯಜಮಾನ್ರೂ ಒಂದೇ ಸಾರಿನ ಉಪ್ಪಿನ ಬಗ್ಗೆ ಇಷ್ಟು ಒಪ್ಪಲ್ಲ ರೀ. ಹೆಂಗ್ ನಿಂತಿದ್ರಿ ಅಲ್ಲಿ?"

"ಪಕ್ಕ ಪಕ್ಕ ಮೇಡಂ, ಬೇವಿನ ಮರದ ನೆರಳಲ್ಲಿ" ಎಂದ ನಂಜುಂಡ.

"ಮಾತಾಡಿದ್ರಾ?"

"ಸ್ವಲ್ಪ. 'ಆ ಕೆಂಪು ರಿಬ್ಬನ್ನು ಸೋಪ್ ಮುಟ್ಲಿಲ್ಲ ಅಲ್ವೇನ್ಲಾ ರೇವ' ಅಂತ ಕೇಳ್ತಿದ್ದೆ."

"ನೀವೇನಂತಿದ್ರಿ ರೇವಣ್ಣ?"

"ಹೂಂ ಕಣಣ್ಣ ಅಂತಿದ್ದೆ ಮೇಡಂ."

ಅದು ಮೋಸವಲ್ಲ. ನಾವು ಬೆಳೆದದ್ದೇ ಹಾಗೆ. ಹಿರಿಯರು ಹೀಗಲ್ವಾ ಎಂದರೆ ಹೌದು ಎನ್ನುವುದು ಮರ್ಯಾದೆ. ಆದರೆ ಅಳತೆಯ ಕೆಲಸದಲ್ಲಿ ಅದು ಒಂದೇ ಕಣ್ಣಿನಿಂದ ಎರಡು ಸಲ ನೋಡಿದ ಹಾಗೆ. ಮಾರನೇ ದಿನ ಮೇಡಂ ನಮ್ಮಿಬ್ಬರನ್ನೂ ನಲ್ಲಿಯ ಆ ಕಡೆ ಒಬ್ಬ ಈ ಕಡೆ ಒಬ್ಬ ನಿಲ್ಲಿಸಿದರು. ಸಂಜೆ ನೋಡಿದರೆ ಹಾಳೆಗಳು ಸವತಿಯರ ಹಾಗೆ ಕಿತ್ತಾಡುತ್ತಿದ್ದವು. ಸೋಪು ಕೈಗೆ ತಗುಲಿದರೆ ಸಾಕು, ನಂಜುಂಡ ಸರಿ ಎಂದು ಗುರುತು ಹಾಕಿದ್ದ. ನಾನು ಉಜ್ಜಿದರೆ ಮಾತ್ರ ಹಾಕಿದ್ದೆ. ಇಬ್ಬರೂ ನೆಟ್ಟಗೇ ನೋಡಿದ್ದೆವು. 'ಸೋಪು ಹಚ್ಚುವುದು' ಎಂದರೆ ಏನು ಎಂದು ನಾವು ಮೊದಲೇ ಮಾತಾಡಿಕೊಂಡಿರಲಿಲ್ಲ.

ಮೇಡಂ ತೀರ್ಮಾನ ಮಾಡಿದರು. "ನೊರೆ ಬಂದ್ರೆ ಸೋಪು. ನೊರೆ ಬರ್ಲಿಲ್ಲ ಅಂದ್ರೆ ಸೋಪಿಲ್ಲ."

ಅಲ್ಲಿಂದ ಮುಂದೆ ನಮ್ಮ ಹಾಳೆಗಳು ಪೂರ್ತಿ ಒಂದೇ ಆಗಲಿಲ್ಲ, ಆದರೆ ಸಂಸಾರ ನಡೆಯುವಷ್ಟು ಹೊಂದಿಕೊಂಡವು. ಈಗ ನೀವು ಟ್ಯಾಬ್ ಹಿಡಿದುಕೊಂಡು ಹೋಗುತ್ತೀರಿ. ಎಷ್ಟು ಹೊಂದಿತು ಎಂದು ಅದೇ ಲೆಕ್ಕ ಹಾಕಿ ತೋರಿಸುತ್ತದೆ. ಒಳ್ಳೆಯದೇ. ಆದರೆ ನೀವು ನೆರಳಲ್ಲಿ ಪಕ್ಕ ಪಕ್ಕ ನಿಂತಿದ್ದಿರಾ ಎಂದು ಅದು ಕೇಳುವುದಿಲ್ಲ.

ಕುಣಿಗಲ್ ಆಯಿತು. ಗುಬ್ಬಿಗೆ ಬಂದೆವು. ಪ್ರಶ್ನೆಪತ್ರಿಕೆಯ ಸರದಿ. ಎಂಟನೇ ಕ್ಲಾಸಿನ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳುವುದು. ರಕ್ತ ಕಡಿಮೆಯಾದರೆ ಏನಾಗುತ್ತದೆ, ಸೋಮವಾರ ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆ ಯಾಕೆ, ಹೋದ ವಾರ ಅದನ್ನು ನುಂಗಿದೆಯಾ. ಮೊದಲ ಸುತ್ತಿನಲ್ಲಿ ಮಕ್ಕಳು ಪಟಪಟ ಹೇಳಿದರು. ನಂಜುಂಡ ಖುಷಿಯಾಗಿ ಗೇಟಿನ ಹೊರಗೆ ಬಂದು "ಮುಬೀನಮ್ಮ, ನಿಮ್ ಮಕ್ಳು ಸರಸ್ವತಿ ಪುತ್ರರು" ಎಂದುಬಿಟ್ಟ. ಅವರಿಗೆ ಹೇಳಬಾರದಿತ್ತು, ಹೇಳಿದ.

ಎರಡು ವಾರ ಬಿಟ್ಟು ಮತ್ತೆ ಹೋದೆವು. ಅವೇ ಮಕ್ಕಳು, ಅವೇ ಪ್ರಶ್ನೆಗಳು. ಉತ್ತರಗಳು ಮಾತ್ರ ಬೇರೆ. ಊಟಕ್ಕೆ ಮುಂಚೆ ಕೈ ತೊಳೆಯಬೇಕು ಎಂದವರು ಊಟ ಆದಮೇಲೆ ಎಂದರು. ಮಾತ್ರೆ ರಕ್ತಕ್ಕೆ ಎಂದವರು ಜ್ವರಕ್ಕೆ ಎಂದರು. ನುಂಗಿದೆ ಎಂದವರು ಇಲ್ಲ ಎಂದರು, ಇಲ್ಲ ಎಂದವರು ನುಂಗಿದೆ ಎಂದರು. ಎರಡು ಸುತ್ತನ್ನೂ ಪಕ್ಕ ಪಕ್ಕ ಇಟ್ಟಾಗ ಮೇಡಂ ಹಾಳೆಗಳನ್ನು ಮತ್ತೆ ಮೊದಲಿನಿಂದ ತಿರುವಿದರು.

ಟ್ರಸ್ಟಿನ ಸಾಹೇಬರಿಗೆ ಕರಡು ಹೋಯಿತು. ಅವರು ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು. "ಎರಡು ವಾರಕ್ಕೇ ಮರೆಯೋ ಪಾಠಕ್ಕೆ ಇನ್ನೊಂದು ವರ್ಷ ಯಾಕೆ ಮೇಡಂ? ನಿಲ್ಲಿಸೋಣ."

"ಸ್ವಲ್ಪ ಟೈಮ್ ಕೊಡಿ. ಅಲ್ಲಾಡ್ತಿರೋದು ಮೂಟೆನೋ ತಕ್ಕಡಿನೋ ನೋಡ್ಬೇಕು" ಎಂದರು ಮೇಡಂ. ನನ್ನ ಮಾತು ಅವರ ಬಾಯಲ್ಲಿ ಬಂದಿದ್ದಕ್ಕೆ ನನಗೆ ಸಂತೋಷಪಡಲೂ ಆಗಲಿಲ್ಲ.

ಸುದ್ದಿ ಹೇಗೋ ಗುಬ್ಬಿ ಮುಟ್ಟಿತು. ಮುಬೀನಾ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಕೂರಿ ಎಂದರೂ ಕೂರಲಿಲ್ಲ.

"ರೇವಣ್ಣ ಸಾರ್, ನನ್ ಮಕ್ಕಳು ಹಂಗೆ ಮರೆಯೋರಲ್ಲ. ಹೋದ ವಾರಾನೂ ಕೇಳಿದೀನಿ, ಹೇಳ್ತಾರೆ."

ನಂಜುಂಡನಿಗೆ ಅವರ ಮುಖ ನೋಡಿ ತಡೆಯಲಾಗಲಿಲ್ಲ. ಬಾಗಿಲ ಕಡೆ ನೋಡಿ, ಮೇಡಂ ಇಲ್ಲದ್ದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದ. "ಒಂದ್ ಕೆಲ್ಸ ಮಾಡಣ. ಎರಡನೇ ಸಲದ್ದು ಬುಟ್ಬುಡಣ. ಮೊದಲ್ನೇದು ಚಂದಾಗೇ ಬಂದೈತಲ್ಲ. ಮಕ್ಳು ಪರೀಕ್ಷೆ ಟೈಮು, ಸಿಗ್ಲಿಲ್ಲ ಅಂತ ಬರ್ದ್ರೆ ಮುಗೀತು. ಯಾರ್ ಬಂದ್ ಕೇಳ್ತಾರೆ?"

ನಾನು ಮುಬೀನಾ ಕಡೆ ನೋಡಿದೆ. ಅವರು ಬ್ಯಾಗಿನ ಹಿಡಿಯನ್ನು ತಿರುಚುತ್ತಾ ನಿಂತಿದ್ದರು. ಬೇಡ ಅನ್ನಲು ಅವರಿಗೆ ಸುಲಭವಾಗಲಿಲ್ಲ, ಅದು ಕಾಣುತ್ತಿತ್ತು.

"ಬೇಡ ಅಣ್ಣ" ಎಂದರು ಕೊನೆಗೆ. "ಹಂಗೆ ಉಳ್ಕೊಂಡ ಕೆಲ್ಸದಲ್ಲಿ ನಾನು ಮಕ್ಕಳ ಮುಂದೆ ಹೆಂಗ್ ನಿಲ್ಲಲಿ? ನೀವು ಸರಿಯಾಗಿ ಕೇಳಿ ನೋಡಿ. ಆಮೇಲೂ ಬಂದಿಲ್ಲ ಅಂದ್ರೆ ಬಂದಿಲ್ಲ."

ಆ ವಾರವೆಲ್ಲ ಮೇಡಂ ಎರಡೂ ಸುತ್ತಿನ ಹಾಳೆ ಹರಡಿಕೊಂಡು ಕೂತರು. ಒಂದು ವಿಚಿತ್ರ ಕಂಡಿತು. ಮೊದಲ ಸುತ್ತಿನಲ್ಲಿ ಅಷ್ಟಕ್ಕಷ್ಟೇ ಉತ್ತರ ಕೊಟ್ಟಿದ್ದ ಮಕ್ಕಳು ಎರಡನೇ ಸಲವೂ ಅದನ್ನೇ ಹೇಳಿದ್ದರು. ಚೆನ್ನಾಗಿ ಹೇಳಿದ್ದ ಮಕ್ಕಳೇ ಉತ್ತರ ಬದಲಾಯಿಸಿದ್ದರು.

"ಮರ್ತಿದ್ರೆ ದಡ್ಡರು ಮೊದಲು ಮರೀಬೇಕಲ್ವಾ ರೇವಣ್ಣ?" ಎಂದರು. "ಬುದ್ಧಿವಂತರೇ ಯಾಕೆ ಮರೀತಾರೆ? ನಡೀರಿ, ಹೋಗಿ ಅವರನ್ನೇ ಕೇಳೋಣ."

ಬಿದರೆಹಳ್ಳ ಕಾವಲ್ ದಾಟಿ ಹೋಗುವ ದಾರಿಯಲ್ಲಿ ಒಂದು ಹೈಸ್ಕೂಲು. ನಾವು ಹೋದಾಗ ಕ್ಲಾಸು ನಡೆಯುತ್ತಿತ್ತು. ವರಾಂಡದಲ್ಲಿ ಬೆಂಚು ಹಾಕಿಕೊಟ್ಟರು. ಮೇಲೆ ಹತ್ತಿರದ ಹೆಲಿಕಾಪ್ಟರ್ ಕಾರ್ಖಾನೆಯ ಒಂದು ಹೆಲಿಕಾಪ್ಟರ್ ಸದ್ದು ಮಾಡುತ್ತಾ ಹೋಯಿತು. ಕಿಟಕಿಯೊಳಗಿನ ಮಕ್ಕಳಲ್ಲಿ ಒಬ್ಬರೂ ತಲೆ ಎತ್ತಲಿಲ್ಲ, ನಾನು ಎತ್ತಿದೆ. ಒಳಗೆ ಗಣಿತದ ಮೇಷ್ಟ್ರು ಒಬ್ಬ ಹುಡುಗನನ್ನು ನಿಲ್ಲಿಸಿದ್ದರು.

"ಹನ್ನೆರಡರ ವರ್ಗ ಎಷ್ಟು?"

"ನೂರಾ ನಲ್ವತ್ನಾಲ್ಕು ಸಾ."

ಹೆಲಿಕಾಪ್ಟರ್ ಗದ್ದಲ. "ಎಷ್ಟು?" ಎಂದರು ಮೇಷ್ಟ್ರು.

ಹುಡುಗ ತಡವರಿಸಿದ. "ನೂರಾ... ನಲ್ವತ್ತಾರು ಸಾ."

"ಏನ್ಲಾ! ಸರಿಯಾಗೇ ಹೇಳಿದ್ಯಲ್ಲೋ. ಕೇಳಿಸ್ಲಿಲ್ಲ ಅಂತ ಕೇಳ್ದೆ ಕಣೋ!"

ಕ್ಲಾಸೆಲ್ಲ ಗೊಳ್ಳೆಂದಿತು. ನಾವೂ ನಕ್ಕೆವು. ಆಗ ಬರೀ ನಕ್ಕೆವು, ಅಷ್ಟೇ.

ಆಮೇಲೆ ಪಲ್ಲವಿ ಎಂಬ ಹುಡುಗಿಯನ್ನು ಕಳಿಸಿಕೊಟ್ಟರು. ಎರಡು ಸುತ್ತಿನಲ್ಲೂ ನಾನೇ ಕೇಳಿದ್ದ ಹುಡುಗಿ. ಮೊದಲ ಸಲ ಎಲ್ಲವನ್ನೂ ಸರಿಯಾಗಿ ಹೇಳಿ, ಎರಡನೇ ಸಲ ಎಲ್ಲವನ್ನೂ ಕೆಡಿಸಿದ್ದವಳು. ಮೇಡಂ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಪಲ್ಲವಿ, ಕೈ ಯಾವಾಗ ತೊಳೀಬೇಕು ಅಂತ ಈ ಸಾರ್ ಕೇಳಿದ್ರಲ್ಲ. ಮೊದಲು ಊಟಕ್ಕೆ ಮುಂಚೆ ಅಂದಿದ್ದೆ. ಆಮೇಲೆ ಊಟ ಆದ್ಮೇಲೆ ಅಂದೆ. ಯಾಕಮ್ಮ?"

"ಮೊದಲು ಹೇಳಿದ್ದು ತಪ್ಪಾಗಿತ್ತಲ್ಲ ಮಿಸ್."

"ತಪ್ಪು ಅಂತ ಯಾರು ಹೇಳಿದ್ರು?"

ಹುಡುಗಿ ನನ್ನ ಕಡೆ ಕೈ ತೋರಿಸಿದಳು. "ಈ ಸಾರೇ ಮತ್ತೆ ಕೇಳಿದ್ರಲ್ಲ."

ಮೇಡಂ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಒಳಗೆ ಮೇಷ್ಟ್ರು ಇನ್ನೊಬ್ಬನನ್ನು ಎಬ್ಬಿಸಿ "ಎಷ್ಟು?" ಎನ್ನುತ್ತಿದ್ದರು.

ನಮ್ಮ ಶಾಲೆಗಳಲ್ಲಿ ಉತ್ತರ ಸರಿಯಿದ್ದರೆ ಮೇಷ್ಟ್ರು "ಕೂತ್ಕೋ" ಎನ್ನುತ್ತಾರೆ. ಮತ್ತೆ ಕೇಳಿದರು ಎಂದರೆ ತಪ್ಪಾಗಿದೆ ಎಂದು ಅರ್ಥ. ಇದನ್ನು ಯಾರೂ ಕಲಿಸುವುದಿಲ್ಲ, ಒಂದನೇ ಕ್ಲಾಸಿನಲ್ಲೇ ಮಕ್ಕಳ ಮೈಗೆ ಹತ್ತಿರುತ್ತದೆ. ನನಗೇ ಗೊತ್ತಿತ್ತು. ಆ ಟ್ಯುಟೋರಿಯಲ್‌ನಲ್ಲಿ, ಮದುವೆಯಾದ ಗಂಡಸಾಗಿದ್ದರೂ, ಮೇಷ್ಟ್ರು ಎರಡನೇ ಸಲ ಕೇಳಿದರೆ ನನ್ನ ಬಾಯಿಂದಲೂ ಬೇರೆ ಉತ್ತರ ಬರುತ್ತಿತ್ತು. ಪಾಠ ಚೆನ್ನಾಗಿ ಕೇಳುವ ಮಕ್ಕಳು ಮೇಷ್ಟ್ರ ಮುಖವನ್ನೂ ಚೆನ್ನಾಗಿ ಓದುತ್ತಾರೆ. ಅದಕ್ಕೇ ಅವರೇ ಹೆಚ್ಚು ಬದಲಾಯಿಸಿದ್ದರು. ನಾವು ತೂಕ ನೋಡಲು ಮುಟ್ಟಿದಾಗೆಲ್ಲ ಮೂಟೆಯೇ ಬೆಚ್ಚಿ ಸರಿಯುತ್ತಿತ್ತು.

ಕಾರಣ ಸಿಕ್ಕಿತು. ಆದರೆ ಮತ್ತೆ ಹೇಗೆ ಕೇಳುವುದು? ಬೇರೆ ಬೇರೆ ಶಾಲೆಗಳಲ್ಲಿ ಬೇರೆ ಬೇರೆ ಉಪಾಯ ಮಾಡಿ ನೋಡಿದೆವು. ಎರಡನೇ ಸಲಕ್ಕೆ ನನ್ನ ಬದಲು ನಂಜುಂಡ ಹೋದ. ಮಕ್ಕಳು "ಇನ್ನೊಬ್ಬ ಸಾರ್ ಕೇಳಿದ್ರು, ಅವ್ರಿಗೆ ತಪ್ಪು ಹೇಳ್ಬುಟ್ಟಿದ್ವಿ" ಎಂದು ಕ್ಷಮೆ ಕೇಳಿದರು. ನಾನು "ಇದು ಪರೀಕ್ಷೆ ಅಲ್ಲ" ಎಂದು ಹೇಳಿ ನೋಡಿದೆ. ಕೈಯಲ್ಲಿ ಹಾಳೆ ಪೆನ್ನು ಹಿಡಿದು ಪರೀಕ್ಷೆ ಅಲ್ಲ ಎನ್ನುವ ಮನುಷ್ಯನನ್ನು ಯಾವ ಮಗು ನಂಬುತ್ತದೆ? ಅದೂ ಅಲ್ಲದೆ ನಾನು ಹಾಗೆ ಹೇಳುವಾಗ ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು, "ಶಾಲೆ ಮರ್ಯಾದೆ ಪ್ರಶ್ನೆ ಕಣ್ರೋ, ನೆಟ್ಟಗೆ ಹೇಳಿ" ಎಂದು ಕಣ್ಣು ಬಿಡುತ್ತಿದ್ದರು.

ಉಪಾಯ ಮುಬೀನಾ ಬ್ಯಾಗಿನಲ್ಲೇ ಇತ್ತು. ಅವರು ಆ ದಿನ ನಮ್ಮ ಜೊತೆ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿದ್ದರು. ಬ್ಯಾಗು ಬೆಂಚಿನಿಂದ ಜಾರಿ ದಢ್ ಎಂದು ಬಿತ್ತು. ಅವರು ಗಾಬರಿಯಾಗಿ ತೂಕದ ಮಿಷಿನ್ ಹೊರಗೆ ತೆಗೆದು ನೆಲಕ್ಕಿಟ್ಟು ಹತ್ತಿ ನಿಂತರು. ಇಳಿದರು. ಮತ್ತೆ ಹತ್ತಿದರು.

"ಯಾಕ್ ಮುಬೀನಮ್ಮ, ಟೀ ಕುಡ್ದು ದಪ್ಪ ಆದ್ರಾ?" ಎಂದ ನಂಜುಂಡ.

"ಅಲ್ಲ ಅಣ್ಣ, ಮಿಷಿನ್ ಕೆಟ್ಟಿದ್ಯಾ ನೋಡ್ದೆ. ಎರಡು ಸಲಾನೂ ಅಷ್ಟೇ ಬಂತು. ಸದ್ಯ."

ಮೇಡಂ ಟೀ ಲೋಟ ಕೆಳಗಿಟ್ಟರು. "ಮುಬೀನಾ, ಆ ಮಿಷಿನ್ ಒಂದು ತಿಂಗಳು ನಮ್ಗೆ ಕೊಡ್ತೀರಾ?"

ಮತ್ತೆ ಮೊದಲಿನಿಂದ ಶುರುವಾಯಿತು. ಎರಡು ಸುತ್ತಿಗೂ ಮುಬೀನಾ ಗೇಟಿನ ತನಕ ಬಂದರು, ಒಳಗೆ ಬಿಡಲಿಲ್ಲ. "ನಾನು ಬಾಯೇ ಬಿಡಲ್ಲ ಸಾರ್, ಹಿಂದೆ ನಿಂತಿರ್ತೀನಿ" ಎಂದರು. "ನೀವು ಬಾಯಿ ಬಿಡೋದೇ ಬೇಡ, ಮಕ್ಕಳು ನಿಮ್ಮ ಹುಬ್ಬು ನೋಡ್ಕೊಂಡೇ ಉತ್ತರ ಹೇಳ್ತಾರೆ" ಎಂದೆ. ಹೆಡ್‌ಮಾಸ್ಟರನ್ನು ಮೇಡಂ ಬೇರೆ ಮಾತಿಗೆಳೆದು ಆಫೀಸಿನಲ್ಲೇ ಕೂರಿಸಿಕೊಂಡರು.

ನಾನು ಕ್ಲಾಸಿನ ಮಧ್ಯೆ ಮಿಷಿನ್ ಇಟ್ಟೆ. ಒಬ್ಬ ಹುಡುಗನನ್ನು ಹತ್ತಿಸಿ ತೂಕ ಓದಿದೆ. ಇಳಿಸಿದೆ. ಮತ್ತೆ ಹತ್ತಿಸಿದೆ. ಅಷ್ಟೇ ತೋರಿಸಿತು.

"ಯಾಕೆ ಎರಡನೇ ಸಲ ಹತ್ತಿಸ್ದೆ? ಇವನ ತೂಕ ತಪ್ಪಾಗಿತ್ತಾ?"

"ಇಲ್ಲಾ ಸಾ!" ಎಂದು ಕ್ಲಾಸೆಲ್ಲ ಕೂಗಿತು. "ಮಿಷಿನ್ ಸರಿಯಾಗಿದ್ಯಾ ನೋಡಕ್ಕೆ!"

"ಬೇರೆ ಬಂದಿದ್ರೆ?"

"ಮಿಷಿನ್ ಕೆಟ್ಟಿರ್ಬೇಕು ಸಾ" ಎಂದಳು ಮುಂದಿನ ಬೆಂಚಿನವಳು. ಹಿಂದಿನಿಂದ ಒಬ್ಬ, "ಇಲ್ಲಾಂದ್ರೆ ಮಧ್ಯೆ ಇವ್ನು ಬೋಂಡ ತಿಂದಿರ್ಬೇಕು ಸಾ!" ಎಂದ. ನಗು ನಿಲ್ಲುವ ತನಕ ಕಾದೆ.

"ನಾನೂ ಒಂದು ಮಿಷಿನ್ನು. ಇವತ್ತು ಕೆಲವು ಪ್ರಶ್ನೆ ಕೇಳ್ತೀನಿ. ಎರಡು ವಾರ ಬಿಟ್ಟು ಬಂದು ಮತ್ತೆ ಅದನ್ನೇ ಕೇಳ್ತೀನಿ. ನೀವು ತಪ್ಪು ಹೇಳಿದ್ರಿ ಅಂತ ಅಲ್ಲ. ನಾನು ಕೇಳೋದು ನೆಟ್ಟಗಿದ್ಯಾ ಅಂತ ನೋಡಕ್ಕೆ. ಪರೀಕ್ಷೆ ನಂಗೆ, ನಿಮ್ಗಲ್ಲ."

ಮೇಷ್ಟ್ರಂಥ ಒಬ್ಬನಿಗೆ ಪರೀಕ್ಷೆ ಎಂದ ಕೂಡಲೇ ಮಕ್ಕಳ ಕಣ್ಣಿಗೆ ಒಂದು ಕಳೆ ಬಂತು. ಅದನ್ನು ಯಾವ ಟ್ಯಾಬ್ ಅಳೆಯುತ್ತದೋ ಗೊತ್ತಿಲ್ಲ.

ಎರಡು ವಾರ ಬಿಟ್ಟು ಹೋದೆವು. ಉತ್ತರಗಳು ನಿಂತವು. ಕೈ ಯಾವಾಗ, ಸೋಪು ಯಾಕೆ, ಗುಟ್ಕಾ ಏನು ಮಾಡುತ್ತದೆ, ರಕ್ತ ಕಡಿಮೆಯಾದರೆ ಹೇಗೆ ಗೊತ್ತಾಗುತ್ತದೆ, ಎಲ್ಲವೂ ಮೊದಲ ಸಲ ಹೇಗೋ ಎರಡನೇ ಸಲವೂ ಹಾಗೇ. ಬಹಳ ಮಕ್ಕಳದು ಸರಿ ಉತ್ತರ. ಮುಬೀನಾ ಪಾಠ ಮಕ್ಕಳಲ್ಲಿ ಕೂತಿತ್ತು.

ಆದರೆ ಒಂದು ಪ್ರಶ್ನೆಯ ಉತ್ತರ ಬೇರೆ ಥರ ಇತ್ತು. ಹೋದ ವಾರದ ನೀಲಿ ಮಾತ್ರೆ ನುಂಗಿದೆಯಾ? ಅರ್ಧಕ್ಕಿಂತ ಹೆಚ್ಚು ಮಕ್ಕಳು ಇಲ್ಲ ಎಂದರು. ಎರಡು ವಾರ ಬಿಟ್ಟು ಕೇಳಿದಾಗಲೂ ಇಲ್ಲ ಎಂದರು. ಪರೀಕ್ಷೆ ತಮಗಲ್ಲ ಎಂದು ನಂಬಿದ ಮೇಲೆ ಅವರಿಗೆ ಸುಳ್ಳು ಹೇಳುವ ಅಗತ್ಯ ಇರಲಿಲ್ಲ. ಪಲ್ಲವಿಯೂ ಇಲ್ಲ ಎಂದಳು. ಯಾಕೆ ಎಂಬ ಪ್ರಶ್ನೆ ನಮ್ಮ ಹಾಳೆಯಲ್ಲಿ ಇರಲಿಲ್ಲ, ಅವಳೇ ಹೇಳಿದಳು.

"ಪ್ರೇಯರ್ ಆದ ತಕ್ಷಣ ಕೊಡ್ತಾರೆ ಸಾರ್. ನಾವು ಬೆಳಿಗ್ಗೆ ಬಸ್ಸಿಗೆ ಓಡಿ ಬಂದಿರ್ತೀವಿ, ತಿಂಡಿ ತಿಂದಿರಲ್ಲ. ಖಾಲಿ ಹೊಟ್ಟೇಲಿ ನುಂಗಿದ್ರೆ ವಾಂತಿ ಬರುತ್ತೆ. ನಾಲಿಗೆ ಅಡೀಲಿ ಇಟ್ಕೊಂಡಿದ್ದು ಕಾಂಪೌಂಡ್ ಹಿಂದೆ ಉಗೀತೀವಿ."

"ಯಾಕೆ ನುಂಗ್ಬೇಕು ಅಂತ ಗೊತ್ತಲ್ವಾ ನಿಂಗೆ?"

"ಗೊತ್ತು ಸಾರ್. ಮುಬೀನಾ ಮಿಸ್ ಹೇಳಿದಾರೆ" ಎಂದು ಪಾಠ ಪೂರ್ತಿ ಒಪ್ಪಿಸಿದಳು.

ಮೊದಲಿನ ಗಲಿಬಿಲಿಯಲ್ಲಿ ಈ ಸಂಗತಿ ಮುಚ್ಚಿಹೋಗಿತ್ತು. ತಕ್ಕಡಿ ಸರಿಮಾಡಿದ್ದಕ್ಕೇ ಕಂಡದ್ದು. ಮಾತ್ರೆ ಆ ಕಾರ್ಯಕ್ರಮದ ಮುಖ್ಯ ಸಂಗತಿ. ಮುಬೀನಾ ಪರವಾಗಿ ಸರಿಮಾಡಿದ ತಕ್ಕಡಿ ಅವರಿಗೇ ತಿರುಗಿ ನಿಂತಿತು.

ಸಾಹೇಬರು ನಮ್ಮ ಆಫೀಸಿಗೇ ಬಂದರು. ಮುಬೀನಾರನ್ನೂ ಕರೆಸಿದ್ದರು. ವರದಿ ತಿರುವಿ ಹಾಕುತ್ತಾ ಸಾಹೇಬರು ಹೇಳಿದರು.

"ಮಿಕ್ಕಿದ್ದೆಲ್ಲ ಚೆನ್ನಾಗಿದೆ. ಒಪ್ಕೊಂಡೆ. ಆದ್ರೆ ಮಾತ್ರೆ ಕಥೆ ಏನಿದು? ಮೊದಲ್ನೇ ಸಲ ಕೇಳಿದಾಗ ಬಹಳ ಮಕ್ಕಳು ನುಂಗ್ತೀವಿ ಅಂದಿದ್ರಲ್ಲ?"

"ಆ ಅಳತೆ ನಂಬೋ ಹಂಗಿರ್ಲಿಲ್ಲ ಸಾರ್" ಎಂದರು ಮೇಡಂ. "ಇದನ್ನ ನಂಬಬೋದು."

ಸಾಹೇಬರು ಮುಬೀನಾ ಕಡೆ ತಿರುಗಿದರು. "ನೀವು ಹೇಳಿ. ಮಕ್ಕಳು ಮಾತ್ರೆ ನುಂಗ್ತಿದಾರಾ?"

"ಇಲ್ಲ ಸಾರ್" ಎಂದರು ಮುಬೀನಾ. "ಯಾಕೆ ನುಂಗ್ಬೇಕು ಅಂತ ಕಲಿಸಿದೀನಿ. ನುಂಗೋ ಹಂಗೆ ಮಾಡಕ್ಕಾಗಿಲ್ಲ."

ಸಾಹೇಬರು ಪೆನ್ನು ಕೆಳಗಿಟ್ಟರು. ಕೆಟ್ಟ ಮನುಷ್ಯರಲ್ಲ, ಅವರಿಗೂ ಮೇಲೆ ಉತ್ತರ ಹೇಳಬೇಕಿತ್ತು. "ನೋಡಿ ಅಮ್ಮ, ನಿಮ್ಮ ಇನ್ನೊಂದು ವರ್ಷ ಇದರ ಮೇಲೆ ನಿಂತಿದೆ. ಯೋಚನೆ ಮಾಡಿ ಹೇಳಿ. ನುಂಗ್ತಿಲ್ವಾ?"

ಮೇಡಂ ಕೈ ಮೇಜಿನ ಮೇಲೆ ಹಾಗೇ ನಿಂತಿತು. ನಂಜುಂಡ ಕಿಟಕಿಯಾಚೆ ನೋಡತೊಡಗಿದ. ಎರಡನೇ ಸಲ ಕೇಳಿದರೆ ಏನಾಗುತ್ತದೆ ಎಂದು ಆ ಕೋಣೆಯಲ್ಲಿ ನಮಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ.

"ಇಲ್ಲ ಸಾರ್" ಎಂದರು ಮುಬೀನಾ. ಅದೇ ದನಿ. "ಯಾಕೆ ನುಂಗ್ಬೇಕು ಅಂತ ಕಲಿಸಿದೀನಿ. ನುಂಗೋ ಹಂಗೆ ಮಾಡಕ್ಕಾಗಿಲ್ಲ. ಬೆಳಿಗ್ಗೆ ಬದಲು ಬಿಸಿಯೂಟ ಆದ್ಮೇಲೆ ಕೊಟ್ರೆ ನುಂಗ್ತಾರೆ ಅನ್ಸುತ್ತೆ. ಅದಕ್ಕೆ ಒಂದು ವರ್ಷ ಬೇಕು."

ಸಾಹೇಬರು ವರದಿ ಮಡಿಚಿ ಬ್ಯಾಗಿಗೆ ಹಾಕಿಕೊಂಡು ಹೋದರು. ಮುಬೀನಾ ಮೆಟ್ಟಿಲು ಇಳಿಯುವಾಗ ಬ್ಯಾಗು ಹಿಡಿದುಕೊಳ್ಳಲು ಹೋದೆ, ಕೊಡಲಿಲ್ಲ. ಕೆಲವು ದಿನ ಬಿಟ್ಟು ಮೇಡಂಗೆ ಫೋನು ಬಂತು. ಇನ್ನೊಂದು ವರ್ಷ, ಗುಬ್ಬಿ ಶಾಲೆಗಳಿಗೆ ಮಾತ್ರ. ಕುಣಿಗಲ್ ಕೈಬಿಟ್ಟರು. ಆ ನಲ್ಲಿ ಹತ್ತಿರ ಮತ್ತೆ ಯಾರೂ ಹೋಗಿ ನೊರೆ ನೋಡಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಇನ್ನೂ ಇದೆ.

ಮುಬೀನಾ ಶಾಲೆ ಶಾಲೆಗೂ ಹೋಗಿ ಹೆಡ್‌ಮಾಸ್ಟರುಗಳ ಕಾಲಿಗೊಂದು ಬೀಳಲಿಲ್ಲ, ಅಷ್ಟು ಕೇಳಿಕೊಂಡು, ಮಾತ್ರೆಯನ್ನು ಬಿಸಿಯೂಟದ ನಂತರಕ್ಕೆ ಹಾಕಿಸಿದರು. ಮುಂದಿನ ವರ್ಷ ನಾವು ಅದೇ ಪ್ರಶ್ನೆ ಹಿಡಿದು ಮತ್ತೆ ಹೋದೆವು. ಒಂದಕ್ಷರ ಬದಲಾಯಿಸಲಿಲ್ಲ. ತಕ್ಕಡಿ ಅದೇ ಇದ್ದರೆ ತಾನೆ ಮೂಟೆ ಎಷ್ಟು ತುಂಬಿತು ಎಂದು ಗೊತ್ತಾಗುವುದು?

ಪಲ್ಲವಿ ಒಂಬತ್ತನೇ ಕ್ಲಾಸಿಗೆ ಬಂದಿದ್ದಳು, ಗಿಡ್ಡ ಜಡೆ ಉದ್ದವಾಗಿತ್ತು. ಬೆಂಚಿನ ಮೇಲೆ ನನ್ನ ಎದುರಿಗೆ ಕೂತಳು. ಒಂದೊಂದೇ ಪ್ರಶ್ನೆ ಮುಗಿಸಿ ಮಾತ್ರೆಗೆ ಬಂದೆ.

"ಹೋದ ವಾರದ್ದು ನುಂಗಿದ್ಯಾ?"

"ನುಂಗ್ದೆ ಸಾರ್."

ಬರೆದುಕೊಂಡು ಮುಂದೆ ಹೋಗಬೇಕು. ನಿಯಮ ಅದು, ನಿಮಗೂ ಅದನ್ನೇ ಹೇಳುತ್ತೇನೆ. ಆದರೆ ನನ್ನ ಪೆನ್ನು ನಿಂತಿತು, ಬಾಯಿ ತಡೆಯಲಿಲ್ಲ.

"ನುಂಗಿದ್ಯಾ?"

ಹುಡುಗಿ ತಡವರಿಸಲಿಲ್ಲ. ನನ್ನನ್ನೇ ನೋಡಿ, ತುಟಿಯಂಚಿನಲ್ಲಿ ನಕ್ಕಳು.

"ಯಾಕ್ ಸಾರ್, ಮಿಷಿನ್ ಕೆಟ್ಟೋಯ್ತಾ?"

"ಇಲ್ಲ ಕಣಮ್ಮ" ಎಂದು ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದೆ.